ಹೈದರಾಬಾದಿನ ತಂತ್ರಜ್ಞಾನ ಉದ್ಯಮ, ಹೊಸ ಮಾಧ್ಯಮ ಮತ್ತು ಪಾಡ್‌ಕಾಸ್ಟ್

ಧ್ವನಿಮುದ್ರಿತ ಕಾರ್ಯಕ್ರಮಗಳನ್ನು ಅಂತರಜಾಲದ ಮೂಲಕ ಕಂತುಕಂತಾಗಿ ಕೇಳುಗರಿಗೆ ಮುಟ್ಟಿಸುವ ಮಾಧ್ಯಮ ಪಾಡ್‌ಕಾಸ್ಟ್. ಕೇಳುಗರು ತಮಗೆ ಅನುಕೂಲವಾದ ಹೊತ್ತಿನಲ್ಲಿ ಬೇಕಾದ ಕಂತನ್ನು ಆರಿಸಿಕೊಂಡು, ನಡುವೆ ನಿಲ್ಲಿಸಿ, ಮತ್ತೆ ಮುಂದುವರಿಸಿ ಕೇಳಬಹುದು. ರೇಡಿಯೊಗೂ ಇದಕ್ಕೂ ಇರುವ ಮುಖ್ಯ ವ್ಯತ್ಯಾಸ ಇದೇ. ಸಾಫ್ಟ್‌ವೇರ್ ಕಂಪನಿಗಳನ್ನು ಕಟ್ಟುವ ಬಗೆ, ಬಂಡವಾಳ ಹೂಡಿಕೆ, ಜನರ ಮಾಹಿತಿಯ ಬಳಕೆ, ಬ್ಲಾಗ್ ಬರವಣಿಗೆ, ಸುದ್ದಿ ಹರಡುವ ಹೊಸ ದಾರಿಗಳು ಮುಂತಾದ ವಿಷಯಗಳು ಈ ಮಾಧ್ಯಮ ಹುಟ್ಟಿದಂದಿನಿಂದಲೂ ಅದರಲ್ಲಿ ದೊಡ್ಡ ಪಾಲು ಪಡೆದಿವೆ. ಭಾರತದಲ್ಲಿ ಬೆಂಗಳೂರು, ಮುಂಬಯಿ ಮತ್ತು ದೆಹಲಿಯ ಜೊತೆಗೆ ಹೈದರಾಬಾದ್ ಕೂಡ ಇಂಥ ಕಾರ್ಯಕ್ರಮಗಳ ನೆಲೆಯಾಗಿದೆ.

ಹೈದರಾಬಾದನ್ನು ಪ್ರತ್ಯೇಕವಾಗಿ ಪರಿಶೀಲಿಸುವುದಕ್ಕೆ ಕಾರಣವಿದೆ. ದೇಶದ ಬಹುದೊಡ್ಡ ಸಾಫ್ಟ್‌ವೇರ್ ಹಗರಣ ನಡೆದದ್ದು ಈ ಊರಿನಲ್ಲಿ. ಸಮುದಾಯ ರೇಡಿಯೊ ಚಳವಳಿಯ ಒಂದು ಮುಖ್ಯ ಘಟ್ಟವೂ ಇಲ್ಲಿಯದೇ. ಆಡಳಿತವನ್ನು ಕಂಪ್ಯೂಟರಿಗೆ ಒಪ್ಪಿಸುವುದರಲ್ಲಿ ಮುಂದೆ ಹೋದ ರಾಜ್ಯದ ರಾಜಧಾನಿ ಇದು. ಆ ಆಡಳಿತವನ್ನು ಪ್ರಶ್ನಿಸುವ ಪಾಡ್‌ಕಾಸ್ಟ್ ಹುಟ್ಟಿದ್ದೂ ಇದೇ ಊರಿನಲ್ಲಿ. ಇವನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ತಂತ್ರಜ್ಞಾನ ಉದ್ಯಮವನ್ನು ಕುರಿತ ಪಾಡ್‌ಕಾಸ್ಟಿನ ಬೆಲೆ ಧ್ವನಿಯ ಗುಣಮಟ್ಟದಿಂದಾಗಲಿ ಕೇಳುಗರ ಸಂಖ್ಯೆಯಿಂದಾಗಲಿ ತೀರ್ಮಾನವಾಗುವುದಿಲ್ಲ. ಪ್ರಶ್ನೆ ಕೇಳುವವರು ಉತ್ತರ ಹೇಳುವವರ ಹಂಗಿನಿಂದ ಎಷ್ಟು ದೂರ ಇದ್ದಾರೆ ಎಂಬುದೇ ಅದರ ನಿಜವಾದ ಅಳತೆ.

ಹುಟ್ಟು ಮತ್ತು ತಾಂತ್ರಿಕ ಹಿನ್ನೆಲೆ

ಪಾಡ್‌ಕಾಸ್ಟಿನ ತಾಂತ್ರಿಕ ಬುನಾದಿ ಬಹಳ ಸರಳ. ಒಂದು ಕಂತಿನ ಧ್ವನಿ ಕಡತವನ್ನು ಅಂತರಜಾಲದ ಒಂದು ವಿಳಾಸದಲ್ಲಿ ಇಡಲಾಗುತ್ತದೆ. ಕಂತಿನ ಹೆಸರು, ದಿನಾಂಕ, ವಿವರಣೆ ಮತ್ತು ಕಡತದ ವಿಳಾಸ ಇರುವ ಪಟ್ಟಿಯನ್ನು ಆರ್‌ಎಸ್‌ಎಸ್ ಎಂಬ ಕ್ರಮದಲ್ಲಿ ಬರೆದಿಡಲಾಗುತ್ತದೆ. ಕೇಳುಗರ ಮೊಬೈಲಿನಲ್ಲಿರುವ ಆ್ಯಪ್ ಆಗಾಗ ಈ ಪಟ್ಟಿಯನ್ನು ಓದಿ, ಹೊಸ ಕಂತು ಬಂದಿದ್ದರೆ ತಿಳಿಸುತ್ತದೆ. ಬ್ಲಾಗಿನ ಹೊಸ ಬರಹಗಳನ್ನು ಓದುಗರಿಗೆ ತಿಳಿಸಲು ಇದೇ ಕ್ರಮ ಬಳಕೆಯಲ್ಲಿತ್ತು. ಅಮೆರಿಕದ ತಂತ್ರಜ್ಞ ಡೇವ್ ವೈನರ್ ಈ ಪಟ್ಟಿಗೆ ಧ್ವನಿ ಕಡತವನ್ನೂ ಲಗತ್ತಿಸುವ ಏರ್ಪಾಡನ್ನು 2000ದ ಕೊನೆಯ ಹೊತ್ತಿಗೆ ಸೇರಿಸಿದರು. 2003ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಬರ್ಕ್‌ಮನ್ ಕೇಂದ್ರದಲ್ಲಿದ್ದ ಪತ್ರಕರ್ತ ಕ್ರಿಸ್ಟೋಫರ್ ಲೈಡನ್ ಬ್ಲಾಗ್ ಬರಹಗಾರರನ್ನು ಸಂದರ್ಶಿಸಿ ಆ ಧ್ವನಿಮುದ್ರಣಗಳನ್ನು ಈ ದಾರಿಯಲ್ಲಿ ಹಂಚಿದರು. ಅದೇ ವರ್ಷ ಡಗ್ ಕೇ ಅವರ ‘ಐಟಿ ಕಾನ್ವರ್ಸೇಷನ್ಸ್’ ತಂತ್ರಜ್ಞಾನದ ಮಾತುಕತೆಗಳನ್ನು ಕೇಳಿಸತೊಡಗಿತು. ಹೀಗಾಗಿ ಬ್ಲಾಗ್ ಮತ್ತು ತಂತ್ರಜ್ಞಾನವನ್ನು ಕುರಿತ ಮಾತೇ ಪಾಡ್‌ಕಾಸ್ಟಿನ ಮೊದಲ ಬೆಳೆ. 2004ರಲ್ಲಿ ಆ್ಯಡಮ್ ಕರಿ ಅವರಿಂದ ಅದು ಜನಪ್ರಿಯವಾಯಿತು. 2005ರ ಜೂನ್‌ನಲ್ಲಿ ಆ್ಯಪಲ್ ಸಂಸ್ಥೆ ತನ್ನ ಐಟ್ಯೂನ್ಸ್ ತಂತ್ರಾಂಶದಲ್ಲಿ ಪಾಡ್‌ಕಾಸ್ಟ್‌ಗೆ ಜಾಗ ಕೊಟ್ಟ ಮೇಲೆ ಅದು ಮನೆಮಾತಾಯಿತು.

ಭಾರತದಲ್ಲಿ 2005–06ರ ಹೊತ್ತಿಗೆ ‘ಇಂಡಿಕಾಸ್ಟ್’, ‘ಕಮಲಾ ಭಟ್ ಷೋ’ ಮುಂತಾದವು ಆರಂಭವಾದವು. ಆಗ ಅಂತರಜಾಲದ ವೇಗ ಕಡಿಮೆ, ದರ ಹೆಚ್ಚು, ಕೇಳುವವರು ಬೆರಳೆಣಿಕೆಯಷ್ಟು. 2016ರಲ್ಲಿ ಮೊಬೈಲ್ ಇಂಟರ್ನೆಟ್ ದರ ಕುಸಿದ ಮೇಲೆ, 2019ರ ಫೆಬ್ರವರಿಯಲ್ಲಿ ಸ್ಪಾಟಿಫೈ ಭಾರತಕ್ಕೆ ಬಂದ ಮೇಲೆ ಚಿತ್ರ ಬದಲಾಯಿತು. ಇಂದು ಧ್ವನಿಗಿಂತ ವಿಡಿಯೊ ಮುಂದಾಗಿದೆ: ಪಾಡ್‌ಕಾಸ್ಟ್ ನೋಡುವ, ಕೇಳುವ ತನ್ನ ಬಳಕೆದಾರರು ತಿಂಗಳಿಗೆ 100 ಕೋಟಿ ದಾಟಿದ್ದಾರೆಂದು ಯೂಟ್ಯೂಬ್ 2025ರ ಆರಂಭದಲ್ಲಿ ಪ್ರಕಟಿಸಿತು. ಯಾರ ಅಪ್ಪಣೆಯೂ ಬೇಡದ ಆರ್‌ಎಸ್‌ಎಸ್ ಪಟ್ಟಿಯಿಂದ ಹೊರಟ ಮಾಧ್ಯಮ ಹೀಗೆ ಕೆಲವೇ ದೊಡ್ಡ ಕಂಪನಿಗಳ ವೇದಿಕೆಗೆ ಸೇರಿಕೊಂಡಿದೆ. ಗೂಗಲ್ ತನ್ನ ಪಾಡ್‌ಕಾಸ್ಟ್ ಆ್ಯಪನ್ನು 2024ರಲ್ಲಿ ಮುಚ್ಚಿದಾಗ ಅದನ್ನೇ ನೆಚ್ಚಿದ್ದ ಕೇಳುಗರು ಬೇರೆ ಆ್ಯಪ್ ಹುಡುಕಬೇಕಾಯಿತು. ತಂತ್ರಜ್ಞಾನದ ಕಂಪನಿಗಳನ್ನು ವಿಮರ್ಶಿಸುವ ಕಾರ್ಯಕ್ರಮವೇ ಅಂಥ ಕಂಪನಿಯೊಂದರ ವೇದಿಕೆಯಲ್ಲಿ ನಿಂತಿದೆ ಎಂಬ ಸಂಗತಿಯನ್ನು ಈ ಮಾಧ್ಯಮದ ಯಾವ ಚರ್ಚೆಯೂ ಮರೆಯುವಂತಿಲ್ಲ.

ಹೈದರಾಬಾದಿನಲ್ಲಿ ಮಾತಿನ ಮಾಧ್ಯಮ

ಹೈದರಾಬಾದಿನಲ್ಲಿ ಧ್ವನಿ ಮಾಧ್ಯಮಕ್ಕೆ ಸುಮಾರು ಒಂಬತ್ತು ದಶಕಗಳ ಇತಿಹಾಸವಿದೆ. 1930ರ ದಶಕದ ಆರಂಭದಲ್ಲಿ ಮಹಬೂಬ್ ಅಲಿ ಎಂಬವರು ಚಿರಾಗ್ ಅಲಿ ಗಲ್ಲಿಯಲ್ಲಿ ಸಣ್ಣ ಪ್ರಸಾರ ಕೇಂದ್ರವೊಂದನ್ನು ಖಾಸಗಿಯಾಗಿ ನಡೆಸಿದರು. 1935ರಲ್ಲಿ ನಿಜಾಮ್ ಸರ್ಕಾರ ಅದನ್ನು ವಹಿಸಿಕೊಂಡಿತು. ಡೆಕ್ಕನ್ ರೇಡಿಯೊ ಎಂದು ಹೆಸರಾದ ಈ ಕೇಂದ್ರ ಉರ್ದು, ತೆಲುಗು, ಮರಾಠಿಗಳ ಜೊತೆಗೆ ಕನ್ನಡದಲ್ಲೂ ಕಾರ್ಯಕ್ರಮ ಕೊಡುತ್ತಿತ್ತು. ಬೀದರ್, ಕಲಬುರಗಿ, ರಾಯಚೂರು ಸೀಮೆಗಳು ಆಗ ಅದೇ ರಾಜ್ಯದಲ್ಲಿದ್ದವು. ಅದೇ 1935ರ ಸೆಪ್ಟೆಂಬರ್‌ನಲ್ಲಿ ಮೈಸೂರಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ ಪ್ರಸಾರ ಆರಂಭಿಸಿದರು. ಎರಡೂ ಕಡೆ ಆರಂಭ ವ್ಯಕ್ತಿಗಳ ಆಸಕ್ತಿಯಿಂದ ಆಯಿತು, ಮುಂದೆ ಎರಡೂ ಸರ್ಕಾರದ ಕೈಸೇರಿದವು. ಹೈದರಾಬಾದ್ ಕೇಂದ್ರ 1950ರಲ್ಲಿ ಆಲ್ ಇಂಡಿಯಾ ರೇಡಿಯೊದ ಭಾಗವಾಯಿತು. ಅಲ್ಲಿಂದ ಮುಂದೆ ನಾಲ್ಕೂವರೆ ದಶಕ ಭಾರತದಲ್ಲಿ ಪ್ರಸಾರವೆಂದರೆ ಸರ್ಕಾರದ ಪ್ರಸಾರ ಎಂದೇ ಅರ್ಥವಾಗಿತ್ತು.

ವಾಯುತರಂಗಗಳು ಸಾರ್ವಜನಿಕ ಸ್ವತ್ತು ಎಂದು ಸುಪ್ರೀಂ ಕೋರ್ಟ್ 1995ರ ಫೆಬ್ರವರಿಯಲ್ಲಿ ತೀರ್ಪು ಕೊಟ್ಟ ಮೇಲೆ ಈ ಸ್ಥಿತಿ ಸಡಿಲಗೊಂಡಿತು. ಸಮುದಾಯ ರೇಡಿಯೊ ಬೇಕೆಂಬ ಬೆಂಗಳೂರು ಘೋಷಣೆ 1996ರಲ್ಲಿ ಹೊರಬಿತ್ತು. 2000ದ ಜುಲೈನಲ್ಲಿ ಹೈದರಾಬಾದ್ ಮತ್ತು ಜಹೀರಾಬಾದ್ ಬಳಿಯ ಪಸ್ತಾಪುರದಲ್ಲಿ ನಡೆದ ಕಾರ್ಯಾಗಾರ ಅದೇ ಬೇಡಿಕೆಯನ್ನು ಇನ್ನಷ್ಟು ಖಚಿತವಾಗಿ ಮುಂದಿಟ್ಟಿತು. ಪಸ್ತಾಪುರ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಕಾರ್ಯಕ್ಷೇತ್ರ. ಬೀದರ್ ಗಡಿಗೆ ಹತ್ತಿರದ ಈ ಒಣಭೂಮಿಯ ಹಳ್ಳಿಗಳಲ್ಲಿ ಜೋಳ, ಸಿರಿಧಾನ್ಯ ಬೆಳೆಯುವ ದಲಿತ ಮಹಿಳೆಯರ ಸಂಘಗಳನ್ನು ಆ ಸಂಸ್ಥೆ ಕಟ್ಟಿತ್ತು. ಮಾಚನೂರಿನಲ್ಲಿ ಅವರ ಪ್ರಸಾರ ಕೇಂದ್ರದ ಕಟ್ಟಡ ಎದ್ದಿದ್ದರೂ ಪರವಾನಗಿ ಸಿಗಲಿಲ್ಲ. ಆ ಮಹಿಳೆಯರು ಕೈಕಟ್ಟಿ ಕೂರಲಿಲ್ಲ. ಬೀಜ, ಬೇಸಾಯ, ಹಬ್ಬ, ಹಾಡು, ಮನೆಮದ್ದುಗಳ ಬಗ್ಗೆ ತಮ್ಮ ತೆಲುಗಿನಲ್ಲೇ ಕಾರ್ಯಕ್ರಮ ಧ್ವನಿಮುದ್ರಿಸಿದರು, ಕ್ಯಾಸೆಟ್‌ಗಳನ್ನು ಊರಿಂದೂರಿಗೆ ಒಯ್ದು ಸಂಘದ ಸಭೆಗಳಲ್ಲಿ ಕೇಳಿಸಿದರು. ಕೊನೆಗೆ 2008ರ ಅಕ್ಟೋಬರ್ 15ರಂದು ಸಂಘಂ ರೇಡಿಯೊ 90.4 ಮೆಗಾಹರ್ಟ್ಸ್‌ನಲ್ಲಿ ಪ್ರಸಾರ ಆರಂಭಿಸಿತು. ಕೇಂದ್ರದ ಹೊಣೆ ಹೊತ್ತವರು ಜನರಲ್ ನರಸಮ್ಮ ಮತ್ತು ಅಲ್ಗೋಲ್ ನರಸಮ್ಮ. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ‘ನಮ್ಮ ಧ್ವನಿ’ ಕೇಂದ್ರ ಪರವಾನಗಿಯ ತೊಡಕನ್ನು ಕೇಬಲ್ ಮೂಲಕ ಧ್ವನಿ ಹರಿಸಿ ದಾಟಿದ್ದೂ ಇದೇ ಕಾಲದ ಮಾತು.

ಈ ಕ್ಯಾಸೆಟ್‌ಗಳನ್ನು ಪಾಡ್‌ಕಾಸ್ಟಿನ ಚರಿತ್ರೆಯೊಳಗೆ ಇಟ್ಟು ನೋಡುವುದು ನ್ಯಾಯ. ಮುದ್ರಿಸಿಟ್ಟ ಮಾತು, ಪರವಾನಗಿ ಬೇಡದ ಹಂಚಿಕೆ, ಕೇಳುಗರಿಗೆ ಬೇಕಾದ ಹೊತ್ತು ಎಂಬ ಮೂರೂ ಲಕ್ಷಣಗಳು ಅಂತರಜಾಲ ಇಲ್ಲದೆಯೇ ಅಲ್ಲಿ ಕೂಡಿಬಂದಿದ್ದವು. ಹೈದರಾಬಾದ್ ವಿಶ್ವವಿದ್ಯಾಲಯದ ವಿನೋದ್ ಪಾವರಾಲ ಮತ್ತು ಕಾಂಚನ್ ಮಲಿಕ್ ಈ ಚಳವಳಿಯನ್ನು ಅಧ್ಯಯನ ಮಾಡಿ 2007ರಲ್ಲಿ ಪುಸ್ತಕ ಪ್ರಕಟಿಸಿದರು. ಸಮುದಾಯ ಮಾಧ್ಯಮಕ್ಕೆ ಮೀಸಲಾದ ಯುನೆಸ್ಕೊ ಪೀಠ ಅದೇ ವಿಶ್ವವಿದ್ಯಾಲಯದಲ್ಲಿ ಸ್ಥಾಪನೆಯಾಯಿತು. 2011ರಲ್ಲಿ ಅಲ್ಲಿ ‘ಬೋಲ್ ಹೈದರಾಬಾದ್’ ಸಮುದಾಯ ರೇಡಿಯೊ ಆರಂಭವಾಯಿತು. ಆದರೆ ಸಮುದಾಯ ರೇಡಿಯೊಗೂ ಖಾಸಗಿ ಎಫ್‌ಎಂಗೂ ಸ್ವಂತ ಸುದ್ದಿ ಪ್ರಸಾರ ಮಾಡುವ ಅವಕಾಶ ಇಲ್ಲ. ಉದ್ಯಮವನ್ನೋ ಸರ್ಕಾರದ ತಂತ್ರಜ್ಞಾನ ನೀತಿಯನ್ನೋ ಧ್ವನಿಯಲ್ಲಿ ವಿಮರ್ಶಿಸುವವರಿಗೆ ಆಕಾಶವಾಣಿಯ ಹೊರಗೆ ರೇಡಿಯೊದ ಬಾಗಿಲು ಮುಚ್ಚಿದೆ. ಪಾಡ್‌ಕಾಸ್ಟ್ ತುಂಬಿದ್ದು ಈ ಖಾಲಿ ಜಾಗವನ್ನು.

ಬ್ಲಾಗುಗಳ ಕಾಲ

ಹೈದರಾಬಾದಿನಲ್ಲಿ ಪಾಡ್‌ಕಾಸ್ಟಿಗೆ ನೆಲ ಹದಮಾಡಿದ್ದು ತೆಲುಗು ಬ್ಲಾಗುಗಳು. ತೆಲುಗು ವಿಕಿಪೀಡಿಯ 2003ರಲ್ಲಿ ಆರಂಭವಾಗಿತ್ತು; ಕನ್ನಡದ್ದೂ ಅದೇ ವರ್ಷ. ಇಂಗ್ಲಿಷ್ ಕೀಲಿಮಣೆಯಲ್ಲೇ ತೆಲುಗು ಟೈಪ್ ಮಾಡಲು ನೆರವಾದ ‘ಲೇಖಿನಿ’, ಎಲ್ಲ ಬ್ಲಾಗುಗಳ ಹೊಸ ಬರಹಗಳನ್ನು ಒಂದೇ ಕಡೆ ತೋರಿಸಿದ ‘ಕೂಡಲಿ’ ತಾಣಗಳು 2006ರ ಹೊತ್ತಿಗೆ ಬಂದವು. ಆಸಕ್ತರು ಸೇರಿ ‘ಇ–ತೆಲುಗು’ ಸಂಸ್ಥೆ ಕಟ್ಟಿ, ಹೈದರಾಬಾದ್ ಪುಸ್ತಕ ಮೇಳದಲ್ಲಿ ಮಳಿಗೆ ಹಾಕಿ, ಕಂಪ್ಯೂಟರಿನಲ್ಲಿ ತೆಲುಗು ಬರೆಯುವುದು ಹೇಗೆಂದು ಬಂದವರಿಗೆಲ್ಲ ತೋರಿಸಿಕೊಟ್ಟರು. ‘ಸ್ವೇಚ್ಛಾ’ ಸಂಘಟನೆ ಮುಕ್ತ ತಂತ್ರಾಂಶವನ್ನು ಕಾಲೇಜು ವಿದ್ಯಾರ್ಥಿಗಳ ನಡುವೆ ಹರಡಿತು. ಕನ್ನಡದಲ್ಲಿ ಯು.ಬಿ. ಪವನಜ ಅವರು 1996ರಲ್ಲೇ ‘ವಿಶ್ವ ಕನ್ನಡ’ ಜಾಲತಾಣ ಆರಂಭಿಸಿ ಇಂಥದೇ ಕೆಲಸಕ್ಕೆ ತೊಡಗಿದ್ದರು.

ಈ ಕಾಲದ ಬ್ಲಾಗ್ ಬರಹಗಾರರಲ್ಲಿ ಸಾಫ್ಟ್‌ವೇರ್ ನೌಕರರು ಹೆಚ್ಚು. ಹೈಟೆಕ್ ಸಿಟಿಯ ಸೈಬರ್ ಟವರ್ಸ್ 1998ರ ನವೆಂಬರ್‌ನಲ್ಲಿ ಉದ್ಘಾಟನೆಯಾಯಿತು. ಗಚ್ಚಿಬೌಲಿಯ ಐಐಐಟಿ ಶುರುವಾದದ್ದು, ಮೈಕ್ರೋಸಾಫ್ಟ್ ತನ್ನ ಅಭಿವೃದ್ಧಿ ಕೇಂದ್ರ ತೆರೆದದ್ದು ಅದೇ ವರ್ಷ. ಆ ಕಚೇರಿಗಳಲ್ಲಿ ದುಡಿಯುವವರ ಕೈಯಲ್ಲಿ ಕಂಪ್ಯೂಟರ್ ಇತ್ತು, ಇಂಟರ್ನೆಟ್ ಇತ್ತು, ಬರೆಯುವ ಉತ್ಸಾಹವೂ ಇತ್ತು. ಆದರೂ ಅವರ ತೆಲುಗು ಬ್ಲಾಗುಗಳ ಮುಖ್ಯ ವಸ್ತು ಸಾಹಿತ್ಯ, ಸಿನಿಮಾ, ಊರಿನ ನೆನಪು, ರಾಜಕೀಯ. ತಾವು ದುಡಿಯುವ ಉದ್ಯಮದ ಒಳಗನ್ನು ತಮ್ಮ ಭಾಷೆಯಲ್ಲಿ ವಿಮರ್ಶಿಸಿದ್ದು ಕಡಿಮೆ. ನೌಕರಿಯ ಕರಾರು, ಗುರುತು ಬಯಲಾಗುವ ಭಯ, ಉದ್ಯಮದ ಮಾತಿಗೆ ಇಂಗ್ಲಿಷೇ ಸರಿ ಎಂಬ ರೂಢಿ ಇದಕ್ಕೆ ಕಾರಣಗಳು. ಉದ್ಯಮದ ಬರವಣಿಗೆ ಬೆಂಗಳೂರಿನ ‘ಯುವರ್‌ಸ್ಟೋರಿ’, ದೆಹಲಿಯ ‘ಮೀಡಿಯಾನಾಮಾ’ದಂಥ ಇಂಗ್ಲಿಷ್ ತಾಣಗಳ ಪಾಲಾಯಿತು. ಇವೆರಡೂ ಆರಂಭವಾದದ್ದು 2008ರಲ್ಲಿ. 2013ರ ಜುಲೈನಲ್ಲಿ ಗೂಗಲ್ ರೀಡರ್ ನಿಂತಿತು, ಬರಹಗಾರರು ಫೇಸ್‌ಬುಕ್ಕಿಗೆ ಹೊರಳಿದರು, ಬ್ಲಾಗುಗಳ ಭರಾಟೆ ಇಳಿಯಿತು.

ಸತ್ಯಂ ಪ್ರಕರಣ ಕಲಿಸಿದ್ದು

ಕೇಳದೆ ಉಳಿದ ಪ್ರಶ್ನೆಗೆ ತೆರಬೇಕಾದ ಬೆಲೆಯನ್ನು ಹೈದರಾಬಾದ್ 2009ರಲ್ಲಿ ಕಂಡಿತು. ಬಿ. ರಾಮಲಿಂಗ ರಾಜು 1987ರಲ್ಲಿ ಸ್ಥಾಪಿಸಿದ ಸತ್ಯಂ ಕಂಪ್ಯೂಟರ್ ಸರ್ವಿಸಸ್ ನಗರದ ಹೆಮ್ಮೆಯಾಗಿತ್ತು. ಕಂಪನಿ ಆಡಳಿತದ ಶ್ರೇಷ್ಠತೆಗಾಗಿ ಅದಕ್ಕೆ 2008ರಲ್ಲಿ ಗೋಲ್ಡನ್ ಪೀಕಾಕ್ ಪ್ರಶಸ್ತಿ ಬಂದಿತ್ತು. ಹಗರಣ ಬಯಲಾದ ಮೇಲೆ ಅದನ್ನು ಹಿಂದಕ್ಕೆ ಪಡೆಯಲಾಯಿತು. ಸ್ಥಾಪಕರ ಸಾಧನೆಯ ಕಥೆಗಳು ಪತ್ರಿಕೆ, ಟಿ.ವಿ.ಗಳಲ್ಲಿ ಧಾರಾಳವಾಗಿ ಬಂದವು. 2008ರ ಡಿಸೆಂಬರ್ 16ರಂದು ಸತ್ಯಂ, ರಾಜು ಕುಟುಂಬಕ್ಕೆ ಸೇರಿದ ಎರಡು ಮೇತಾಸ್ ಕಂಪನಿಗಳನ್ನು ಸುಮಾರು 160 ಕೋಟಿ ಡಾಲರ್‌ಗೆ ಕೊಳ್ಳುವುದಾಗಿ ಪ್ರಕಟಿಸಿತು. ಸಾಫ್ಟ್‌ವೇರ್ ಕಂಪನಿಯ ಹಣ ಭೂಮಿ ಮತ್ತು ಕಟ್ಟಡದ ವ್ಯವಹಾರಕ್ಕೆ, ಅದೂ ಸ್ಥಾಪಕರ ಮನೆಯವರ ಕಂಪನಿಗೆ ಏಕೆ ಹೋಗಬೇಕು ಎಂದು ಹೂಡಿಕೆದಾರರು ಮತ್ತು ವಿಶ್ಲೇಷಕರು ಫೋನ್ ಸಭೆಯಲ್ಲಿ ನೇರವಾಗಿ ಕೇಳಿದರು. ನ್ಯೂಯಾರ್ಕ್ ಮಾರುಕಟ್ಟೆಯಲ್ಲಿ ಷೇರಿನ ಬೆಲೆ ಅರ್ಧಕ್ಕಿಂತ ಕೆಳಗಿಳಿಯಿತು. ಕೆಲವೇ ಗಂಟೆಗಳಲ್ಲಿ ಕಂಪನಿ ಆ ತೀರ್ಮಾನವನ್ನು ಕೈಬಿಟ್ಟಿತು. 2009ರ ಜನವರಿ 7ರಂದು ರಾಜು ಬರೆದ ಪತ್ರದಲ್ಲಿ, ಲೆಕ್ಕದಲ್ಲಿ ತೋರಿಸಿದ್ದ ನಗದು ಮತ್ತು ಬ್ಯಾಂಕ್ ಠೇವಣಿಯಲ್ಲಿ 5,040 ಕೋಟಿ ರೂಪಾಯಿ ಇರಲೇ ಇಲ್ಲವೆಂಬ ತಪ್ಪೊಪ್ಪಿಗೆ ಇತ್ತು.

ಈ ಪ್ರಕರಣದಲ್ಲಿ ಗಮನಿಸಬೇಕಾದದ್ದು ಮಾತಿನ ಎರಡು ಬಗೆ. ಒಂದು ಕಡೆ ವರ್ಷಗಟ್ಟಲೆ ನಡೆದ ಸಂದರ್ಶನಗಳು, ವೇದಿಕೆಯ ಭಾಷಣಗಳು, ಪ್ರಶಸ್ತಿ ಸಮಾರಂಭಗಳು. ಇವುಗಳಿಂದ ಸತ್ಯ ಹೊರಬರಲಿಲ್ಲ. ಇನ್ನೊಂದು ಕಡೆ ಒಂದು ಫೋನ್ ಸಭೆ. ಅಲ್ಲಿ ಕೇಳಿದವರಿಗೆ ತಮ್ಮ ಹಣದ ಚಿಂತೆ ಇತ್ತು, ಕಂಪನಿಯ ಕೃಪೆಯ ಅಗತ್ಯ ಇರಲಿಲ್ಲ. ಆ ಸಭೆಯೊಂದೇ ಹಗರಣವನ್ನು ಬಯಲು ಮಾಡಿತೆಂದರೆ ಉತ್ಪ್ರೇಕ್ಷೆಯಾದೀತು. ಜಾಗತಿಕ ಆರ್ಥಿಕ ಕುಸಿತ, ಕಂಪನಿಯ ಒಳಗಿನವರೊಬ್ಬರ ಅನಾಮಧೇಯ ಇ–ಮೇಲ್, ಷೇರುಗಳನ್ನು ಒತ್ತೆಯಿಟ್ಟು ತಂದ ಸಾಲ ಇವೂ ಕೆಲಸ ಮಾಡಿದವು. ಆದರೆ ಮುಚ್ಚಿಟ್ಟದ್ದನ್ನು ಇನ್ನೂ ಮುಚ್ಚಿಡಲು ಇದ್ದ ಕೊನೆಯ ದಾರಿಯನ್ನು ಆ ಪ್ರಶ್ನೆಗಳು ಕಡಿದುಹಾಕಿದವು. ಭಾರತೀಯ ಷೇರು ನಿಯಂತ್ರಣ ಮಂಡಳಿ ಸೆಬಿ 2021ರಲ್ಲಿ ತನ್ನ ನಿಯಮಗಳಿಗೆ ತಿದ್ದುಪಡಿ ತಂದು, ಷೇರುಪೇಟೆಯಲ್ಲಿರುವ ಕಂಪನಿಗಳು ಫಲಿತಾಂಶದ ಬಳಿಕ ವಿಶ್ಲೇಷಕರೊಂದಿಗೆ ನಡೆಸುವ ಸಭೆಯ ಧ್ವನಿಮುದ್ರಣವನ್ನು 24 ಗಂಟೆಯೊಳಗೆ, ಲಿಖಿತ ರೂಪವನ್ನು ಐದು ಕೆಲಸದ ದಿನಗಳೊಳಗೆ ಪ್ರಕಟಿಸಬೇಕೆಂದು ವಿಧಿಸಿತು. 2022ರ ಏಪ್ರಿಲ್‌ನಿಂದ ಇದು ಕಡ್ಡಾಯ. ತಂತ್ರಜ್ಞಾನ ಉದ್ಯಮದ ಬಗ್ಗೆ ಇಂದು ಯಾರು ಬೇಕಾದರೂ ಉಚಿತವಾಗಿ ಕೇಳಬಹುದಾದ ಅತ್ಯಂತ ಉಪಯುಕ್ತ ಧ್ವನಿಮುದ್ರಣಗಳು ಇವೇ. ಅವುಗಳನ್ನು ಕತ್ತರಿಸಿ, ಜೋಡಿಸಿ, ಸಾಮಾನ್ಯ ಕೇಳುಗರಿಗೆ ತಿಳಿಯುವ ಮಾತಿನಲ್ಲಿ ಬಿಡಿಸಿ ಹೇಳುವ ಪಾಡ್‌ಕಾಸ್ಟ್‌ಗಳಿಗೆ ವಿಶಾಲವಾದ ಅವಕಾಶವಿದೆ.

ಸ್ಥಾಪಕರ ಸಂದರ್ಶನ ಎಂಬ ಪ್ರಕಾರ

ಸತ್ಯಂ ಬಳಿಕದ ಹೈದರಾಬಾದಿನಲ್ಲಿ ನವೋದ್ಯಮಗಳ ಹೊಸ ಅಲೆ ಎದ್ದಿತು. 2015ರಲ್ಲಿ ಐಐಐಟಿ ಆವರಣದಲ್ಲಿ ಟಿ–ಹಬ್ ಆರಂಭವಾಯಿತು; ಅದರ ದೊಡ್ಡ ಹೊಸ ಕಟ್ಟಡ 2022ರ ಜೂನ್‌ನಲ್ಲಿ ತೆರೆಯಿತು. ಮಹಿಳಾ ಉದ್ಯಮಿಗಳಿಗಾಗಿ 2018ರಲ್ಲಿ ವಿ–ಹಬ್ ಬಂದಿತು. ಬಾಹ್ಯಾಕಾಶ ಕ್ಷೇತ್ರದ ಸ್ಕೈರೂಟ್ 2022ರ ನವೆಂಬರ್ 18ರಂದು ವಿಕ್ರಮ್–ಎಸ್ ರಾಕೆಟ್ ಹಾರಿಸಿ, ರಾಕೆಟ್ ಹಾರಿಸಿದ ದೇಶದ ಮೊದಲ ಖಾಸಗಿ ಕಂಪನಿ ಎನಿಸಿತು. ಹೈದರಾಬಾದ್ ಪಬ್ಲಿಕ್ ಸ್ಕೂಲಿನಲ್ಲಿ ಓದಿದ ಸತ್ಯ ನಾದೆಲ್ಲ 2014ರಲ್ಲಿ ಮೈಕ್ರೋಸಾಫ್ಟ್ ಮುಖ್ಯಸ್ಥರಾದದ್ದು ನಗರದ ಯುವಜನರಿಗೆ ದೊಡ್ಡ ಮಾದರಿಯನ್ನು ಕೊಟ್ಟಿತು. ಇಂಥ ವಾತಾವರಣದಲ್ಲಿ ಪಾಡ್‌ಕಾಸ್ಟಿನ ಹೆಚ್ಚು ಬಳಕೆಯ ರೂಪವೆಂದರೆ ಸ್ಥಾಪಕರೊಂದಿಗಿನ ದೀರ್ಘ ಮಾತುಕತೆ. ಬಾಲ್ಯ, ಕಾಲೇಜು, ಮೊದಲ ಸೋಲು, ಹೂಡಿಕೆ ಸಿಕ್ಕ ದಿನ, ಯುವಜನರಿಗೆ ಕಿವಿಮಾತು ಎಂಬ ಕ್ರಮದಲ್ಲಿ ಅದು ಸಾಗುತ್ತದೆ. ಕಂಪನಿಗಳು, ಹೂಡಿಕೆ ಸಂಸ್ಥೆಗಳು, ಉದ್ಯಮ ಸಂಘಟನೆಗಳು ತಾವೇ ಇಂಥ ಸರಣಿಗಳನ್ನು ನಡೆಸುವುದೂ ಉಂಟು.

ಈ ಪ್ರಕಾರದಿಂದ ಲಾಭವಿದೆ ಎಂಬುದನ್ನು ಒಪ್ಪಲೇಬೇಕು. ಉದ್ಯಮದ ಹಿನ್ನೆಲೆಯಿಲ್ಲದ ಮನೆಯಿಂದ ಬಂದ ಯುವತಿಗೆ ಕಂಪನಿ ನೋಂದಣಿ, ಮೊದಲ ಗ್ರಾಹಕ, ಪಾಲುದಾರರ ಜಗಳ ಇವುಗಳ ಬಗ್ಗೆ ಅನುಭವಸ್ಥರ ಮಾತು ಬೇರೆಲ್ಲೂ ಸುಲಭವಾಗಿ ಸಿಗದು. ಕೊರತೆ ಇರುವುದು ರಚನೆಯಲ್ಲಿ. ಅತಿಥಿ ಒಪ್ಪಿದರೆ ಮಾತ್ರ ಕಂತು ನಡೆಯುತ್ತದೆ. ಮುಂದಿನ ಅತಿಥಿ ಬರಬೇಕಾದರೆ ಈಗಿನ ಅತಿಥಿ ಸಂತೋಷದಿಂದ ಹೋಗಬೇಕು. ಪ್ರಾಯೋಜಕರೂ ಅದೇ ವಲಯದವರು. ಇಂಥ ಏರ್ಪಾಡಿನಲ್ಲಿ ಲೆಕ್ಕಪತ್ರ, ಕೆಲಸದಿಂದ ತೆಗೆದವರ ಸಂಖ್ಯೆ, ಡೆಲಿವರಿ ಹುಡುಗರ ಕೂಲಿ, ಬಳಕೆದಾರರ ಮಾಹಿತಿಯ ರಕ್ಷಣೆ ಇವುಗಳ ಬಗ್ಗೆ ಗಟ್ಟಿ ಪ್ರಶ್ನೆ ಬರುವುದು ಅಪರೂಪ. ನಿರೂಪಕರ ಪ್ರಾಮಾಣಿಕತೆಯನ್ನು ಶಂಕಿಸಬೇಕಾಗಿಲ್ಲ. ಏರ್ಪಾಡೇ ಪ್ರಶ್ನೆಯನ್ನು ಮೊಂಡು ಮಾಡುತ್ತದೆ. ಆ್ಯಪ್ ಆಧಾರಿತ ದುಡಿಮೆಗಾರರನ್ನು ಸಂಘಟಿಸಿದ ತೆಲಂಗಾಣ ಗಿಗ್ ಆ್ಯಂಡ್ ಪ್ಲಾಟ್‌ಫಾರ್ಮ್ ವರ್ಕರ್ಸ್ ಯೂನಿಯನ್ ಇದೇ ನಗರದಲ್ಲಿದೆ. ತಂತ್ರಜ್ಞಾನದ ಉದ್ಯಮ ನಡೆಯುವ ಬಗೆಯನ್ನು ಸ್ಥಾಪಕರಷ್ಟೇ ಚೆನ್ನಾಗಿ ಬಲ್ಲವರು ಅದರ ಸದಸ್ಯರು. ಒಂದು ಆರ್ಡರಿಗೆ ಎಷ್ಟು ಕೂಲಿ, ಆ ದರ ಯಾವಾಗ ಬದಲಾಗುತ್ತದೆ, ಗ್ರಾಹಕರ ಒಂದು ದೂರಿಗೆ ಖಾತೆ ಹೇಗೆ ನಿಂತುಹೋಗುತ್ತದೆ ಎಂಬುದನ್ನು ಅವರು ದಿನವೂ ಅನುಭವಿಸುತ್ತಾರೆ. ಉದ್ಯಮದ ಪಾಡ್‌ಕಾಸ್ಟ್ ಅವರನ್ನೂ ಅತಿಥಿಯೆಂದು ಕರೆಯುವವರೆಗೆ ಅದರಲ್ಲಿ ಉದ್ಯಮದ ಅರ್ಧ ಚಿತ್ರ ಮಾತ್ರ ಇರುತ್ತದೆ.

ಸಾರ್ವಜನಿಕ ಹಿತದ ದಾರಿ

ಬೇರೆ ದಾರಿ ಸಾಧ್ಯ ಎಂಬುದಕ್ಕೆ ಹೈದರಾಬಾದಿನಲ್ಲೇ ಸಾಕ್ಷಿಯಿದೆ. ಪದ್ಮಪ್ರಿಯ, ರಾಕೇಶ್ ಕಮಲ್ ಮತ್ತು ತರುಣ್ ನಿರ್ವಾಣ್ 2018ರಲ್ಲಿ ಆರಂಭಿಸಿದ ‘ಸುನೋ ಇಂಡಿಯಾ’ ಸಾರ್ವಜನಿಕ ಹಿತದ ವಿಷಯಗಳಿಗೆ ಮೀಸಲಾದ ಪಾಡ್‌ಕಾಸ್ಟ್ ಸಂಸ್ಥೆ. ದತ್ತು ಸ್ವೀಕಾರದ ಅನುಭವಗಳನ್ನು ಹೇಳುವ ‘ಡಿಯರ್ ಪರಿ’ ಅದರ ಮೊದಲ ಸರಣಿಗಳಲ್ಲೊಂದು. ಆರೋಗ್ಯ, ಹವಾಮಾನ ಬದಲಾವಣೆ ಮುಂತಾದ ವಿಷಯಗಳನ್ನೂ ಅದು ಕೈಗೆತ್ತಿಕೊಂಡಿತು. ತಂತ್ರಜ್ಞಾನಕ್ಕೆ ಸಂಬಂಧಿಸಿದ ಅದರ ಮುಖ್ಯ ಸರಣಿ ‘ಸೈಬರ್ ಡೆಮಾಕ್ರಸಿ’. ಅದನ್ನು ನಡೆಸಿಕೊಟ್ಟವರು ಹೈದರಾಬಾದಿನ ಸಂಶೋಧಕ ಶ್ರೀನಿವಾಸ ಕೊಡಾಲಿ. ಸರ್ಕಾರಿ ದತ್ತಾಂಶ ಮತ್ತು ಖಾಸಗಿತನದ ಬಗ್ಗೆ ಬಹುಕಾಲ ಕೆಲಸ ಮಾಡಿದ ಅವರು, ಮತದಾರರ ಪಟ್ಟಿಯಿಂದ ಹೆಸರುಗಳು ಬಿಟ್ಟುಹೋದ ವಿಷಯವನ್ನು 2018ರಲ್ಲಿ ಹೈಕೋರ್ಟಿಗೂ ಒಯ್ದಿದ್ದರು.

ಇಂಥ ಸರಣಿ ಹೈದರಾಬಾದಿನಲ್ಲಿ ಹುಟ್ಟಿದ್ದು ಆಕಸ್ಮಿಕವಲ್ಲ. ತೆಲಂಗಾಣ ಸರ್ಕಾರ 2014ರ ಆಗಸ್ಟ್ 19ರಂದು ಒಂದೇ ದಿನದಲ್ಲಿ ರಾಜ್ಯದ ಮನೆಮನೆಯ ಸಮಗ್ರ ಕುಟುಂಬ ಸಮೀಕ್ಷೆ ನಡೆಸಿತು. ಬೇರೆಬೇರೆ ಇಲಾಖೆಗಳ ಮಾಹಿತಿಯನ್ನು ಕೂಡಿಸಿ ವ್ಯಕ್ತಿಯ ಚಿತ್ರ ಕಟ್ಟುವ ‘ಸಮಗ್ರ ವೇದಿಕ’ ಎಂಬ ವ್ಯವಸ್ಥೆ ಬಳಕೆಗೆ ಬಂದಿತು. ರಾಜ್ಯದಲ್ಲಿ ರದ್ದಾದ ಸುಮಾರು 19 ಲಕ್ಷ ಪಡಿತರ ಚೀಟಿಗಳನ್ನು ಸ್ಥಳಕ್ಕೆ ಹೋಗಿ ಮರುಪರಿಶೀಲಿಸಬೇಕೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಆದೇಶಿಸಿತು. ಆ ಅರ್ಜಿ ಹಾಕಿದವರು ಹೈದರಾಬಾದಿನ ಸಾಮಾಜಿಕ ಕಾರ್ಯಕರ್ತ ಎಸ್.ಕ್ಯು. ಮಸೂದ್. ಪೊಲೀಸರು ಮುಖ ಗುರುತಿಸುವ ತಂತ್ರಜ್ಞಾನ ಬಳಸುವುದನ್ನೂ ಅವರು ತೆಲಂಗಾಣ ಹೈಕೋರ್ಟಿನಲ್ಲಿ ಪ್ರಶ್ನಿಸಿದ್ದಾರೆ. ಪಡಿತರದ ಅಂಗಡಿಯ ಮುಂದೆ ನಿಂತ ಮುದುಕಿಗೆ ‘ನಿಮ್ಮ ಕಾರ್ಡು ಕಂಪ್ಯೂಟರಿನಲ್ಲಿ ಇಲ್ಲ’ ಎಂಬ ಉತ್ತರ ಸಿಕ್ಕಾಗ, ಆ ಉತ್ತರದ ಹಿಂದೆ ಒಂದು ತಂತ್ರಾಂಶವಿದೆ, ಅದನ್ನು ಬರೆದುಕೊಟ್ಟ ಗುತ್ತಿಗೆದಾರರಿದ್ದಾರೆ, ಅದಕ್ಕೆ ಹಣ ಕೊಟ್ಟ ಇಲಾಖೆಯಿದೆ. ಇದೂ ತಂತ್ರಜ್ಞಾನದ ಉದ್ಯಮವೇ. ಹೂಡಿಕೆಯ ಸುದ್ದಿಯಲ್ಲಿ ಕಾಣದ ಈ ಉದ್ಯಮವನ್ನು ಕೇಳುಗರ ಮುಂದೆ ತಂದದ್ದು ಇಂಥ ಸರಣಿಗಳ ದೊಡ್ಡ ಕೊಡುಗೆ.

ಆಕ್ಷೇಪಗಳು ಮತ್ತು ಸಮಾಧಾನ

ಪ್ರಶ್ನೆ ಕೇಳುವವರು ಹಂಗಿನಿಂದ ಎಷ್ಟು ದೂರ ಎಂಬ ಅಳತೆಗೆ ಹಲವು ಆಕ್ಷೇಪಗಳಿವೆ. ಪಾಡ್‌ಕಾಸ್ಟ್ ಪತ್ರಿಕೋದ್ಯಮವಲ್ಲ, ಅದು ಸಂಭಾಷಣೆ. ಅದರ ಮೇಲೆ ವರದಿಗಾರರ ಹೊಣೆ ಹೊರಿಸುವುದು ತಪ್ಪು ಎಂಬುದು ಮೊದಲನೆಯದು. ಇದರಲ್ಲಿ ಹುರುಳಿದೆ. ಸ್ನೇಹದ ಮಾತುಕತೆಗೂ ಜಾಗ ಬೇಕು. ಆದರೆ ಕೇಳುಗರು ಅದನ್ನು ನಂಬಿ ನೌಕರಿ ಬದಲಿಸುತ್ತಾರೆ, ಷೇರು ಕೊಳ್ಳುತ್ತಾರೆ, ಉಳಿತಾಯ ಹೂಡುತ್ತಾರೆ. ಆದ್ದರಿಂದ ಕಡೇಪಕ್ಷ ಒಂದು ಹೊಣೆಯನ್ನು ತಪ್ಪಿಸಿಕೊಳ್ಳಲಾಗದು: ಈ ಕಂತಿಗೆ ಹಣ ಯಾರದು, ನಿರೂಪಕರಿಗೆ ಅತಿಥಿಯ ಕಂಪನಿಯಲ್ಲಿ ಪಾಲು ಇದೆಯೇ ಎಂಬುದನ್ನು ಆರಂಭದಲ್ಲೇ ಹೇಳಬೇಕು. ಹಾಗೆ ಹೇಳಿದರೆ ಸಂಭಾಷಣೆಯ ಸೊಗಸಿಗೆ ಕುಂದಿಲ್ಲ, ಕೇಳುಗರಿಗೆ ತೂಗಿ ನೋಡಲು ತಕ್ಕಡಿ ಸಿಗುತ್ತದೆ.

ಪ್ರಾಯೋಜಕರಿಲ್ಲದೆ ಪಾಡ್‌ಕಾಸ್ಟ್ ಬದುಕುವುದೇ ಇಲ್ಲ ಎಂಬುದು ಎರಡನೆಯ ಆಕ್ಷೇಪ. ಇದು ಹೆಚ್ಚು ಗಂಭೀರ. ಸ್ವತಂತ್ರ ಸರಣಿಗಳು ದೇಣಿಗೆ, ಅನುದಾನ ಮತ್ತು ಚಂದಾದಾರರ ಮೇಲೆ ನಿಂತಿವೆ, ಯಾವುದೂ ಸ್ಥಿರವಲ್ಲ. ಒಂದು ಒಳ್ಳೆಯ ಕಂತಿಗೆ ಸಂಶೋಧನೆ, ಪ್ರಯಾಣ, ಧ್ವನಿಮುದ್ರಣ, ಸಂಕಲನ, ಕಾನೂನು ಸಲಹೆ ಎಲ್ಲಕ್ಕೂ ಖರ್ಚಿದೆ. ಬೆಂಗಳೂರಿನಲ್ಲಿ 2016ರಲ್ಲಿ ಆರಂಭವಾದ ‘ದಿ ಕೆನ್’ ಓದುಗರ ಚಂದಾ ಹಣದಿಂದಲೇ ಉದ್ಯಮ ಪತ್ರಿಕೋದ್ಯಮ ನಡೆಸಿ, ಮುಂದೆ ಪಾಡ್‌ಕಾಸ್ಟ್‌ಗಳನ್ನೂ ಕಟ್ಟಿತು. ಹಣ ಕೊಟ್ಟು ಓದುವ, ಕೇಳುವ ವರ್ಗ ಇದೆ ಎಂಬುದಕ್ಕೆ ಇದು ಆಧಾರ. ಆ ವರ್ಗ ಸದ್ಯಕ್ಕೆ ಇಂಗ್ಲಿಷ್ ಬಲ್ಲ, ಅನುಕೂಲಸ್ಥ ವರ್ಗ ಎಂಬುದೂ ಅಷ್ಟೇ ನಿಜ. ಭಾರತೀಯ ಭಾಷೆಗಳಲ್ಲಿ ಈ ಕೆಲಸ ನಡೆಯಬೇಕಾದರೆ ವಿಶ್ವವಿದ್ಯಾಲಯಗಳು, ಸಾರ್ವಜನಿಕ ಟ್ರಸ್ಟ್‌ಗಳು ಮತ್ತು ಕೇಳುಗರ ಸಣ್ಣ ದೇಣಿಗೆ ಮೂರೂ ಕೂಡಬೇಕು.

ಧ್ವನಿಯನ್ನು ಪರಿಶೀಲಿಸುವುದು ಕಷ್ಟ, ಬರಹದಂತೆ ಅದನ್ನು ಕಣ್ಣಾಡಿಸಿ ಹುಡುಕಲಾಗದು, ಆದ್ದರಿಂದ ಉದ್ಯಮ ವಿಮರ್ಶೆಗೆ ಬರಹವೇ ಮೇಲು ಎಂಬುದು ಮೂರನೆಯ ಆಕ್ಷೇಪ. ಒಂದೂವರೆ ಗಂಟೆಯ ಮಾತಿನ ನಡುವೆ ಬಂದ ತಪ್ಪು ಅಂಕಿಯನ್ನು ಹಿಡಿಯುವುದು ನಿಜಕ್ಕೂ ಕಷ್ಟ. ಪರಿಹಾರವನ್ನು ಸೆಬಿ ನಿಯಮವೇ ತೋರಿಸಿದೆ: ಧ್ವನಿಯ ಜೊತೆ ಲಿಖಿತ ರೂಪ. ಮಾತನ್ನು ಬರಹಕ್ಕೆ ಇಳಿಸುವ ತಂತ್ರಜ್ಞಾನ ತೆಲುಗು, ಕನ್ನಡ ಮುಂತಾದ ಭಾಷೆಗಳಲ್ಲೂ ಸುಧಾರಿಸುತ್ತಿದೆ. ಹೈದರಾಬಾದಿನ ಐಐಐಟಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗಳು ಈ ಕ್ಷೇತ್ರದಲ್ಲಿ ದುಡಿದಿವೆ. ಇನ್ನು ಧ್ವನಿಗೆ ಇರುವ ಒಂದು ಗುಣ ಬರಹಕ್ಕಿಲ್ಲ. ಪ್ರಶ್ನೆಗೂ ಉತ್ತರಕ್ಕೂ ನಡುವಿನ ತಡವರಿಕೆ, ಮಾತು ಮರೆಸುವ ಜಾಣ್ಮೆ, ದನಿಯ ಏರಿಳಿತ ಕೇಳುಗರಿಗೆ ನೇರವಾಗಿ ಮುಟ್ಟುತ್ತವೆ. ಓದಲು ಬಾರದವರಿಗೂ ಧ್ವನಿ ತಲುಪುತ್ತದೆ ಎಂಬುದನ್ನು ಮಾಚನೂರಿನ ಕ್ಯಾಸೆಟ್‌ಗಳು ಎಂದೋ ಸಾಬೀತು ಮಾಡಿವೆ.

ಸರ್ಕಾರ ನಿಯಮ ಮಾಡಿದರೆ ಎಲ್ಲ ಸರಿಹೋಗುತ್ತದೆ ಎಂಬ ವಾದವೂ ಉಂಟು. 2021ರ ಫೆಬ್ರವರಿಯಲ್ಲಿ ಬಂದ ಮಾಹಿತಿ ತಂತ್ರಜ್ಞಾನ ನಿಯಮಗಳು ಡಿಜಿಟಲ್ ಸುದ್ದಿ ಪ್ರಕಾಶಕರನ್ನು ನೀತಿಸಂಹಿತೆಯ ಅಡಿ ತಂದವು. ಅವುಗಳ ಕೆಲವು ಭಾಗಗಳಿಗೆ ನ್ಯಾಯಾಲಯಗಳು ತಡೆ ನೀಡಿದವು. ರೇಡಿಯೊದ ಚರಿತ್ರೆ ಇಲ್ಲಿ ಎಚ್ಚರಿಕೆ ಕೊಡುತ್ತದೆ. ಪರವಾನಗಿಯ ಕಟ್ಟು ಬಿಗಿಯಾಗಿದ್ದಾಗ ಮೊದಲು ಮೂಕರಾದವರು ಮಾಚನೂರಿನ ಮಹಿಳೆಯರಂಥ ಸಣ್ಣ ದನಿಯವರು. ಹಣದ ಮೂಲ ಬಹಿರಂಗಪಡಿಸುವ ನಿಯಮ ಒಳ್ಳೆಯದು, ಮಾತಿಗೆ ಮುಂಚೆ ಅನುಮತಿ ಕೇಳುವ ನಿಯಮ ಕೆಟ್ಟದ್ದು.

ಕನ್ನಡದ ಸ್ಥಿತಿ

ಕನ್ನಡದಲ್ಲಿ ಪಾಡ್‌ಕಾಸ್ಟ್‌ಗೆ ಗಟ್ಟಿ ಅಡಿಪಾಯ ಹಾಕಿದವುಗಳಲ್ಲಿ ಪವನ್ ಶ್ರೀನಾಥ್, ಗಣೇಶ್ ಚಕ್ರವರ್ತಿ ಮತ್ತು ಗೆಳೆಯರ ‘ತಲೆ–ಹರಟೆ’ ಮುಖ್ಯವಾದದ್ದು. ವಿಜ್ಞಾನ, ಇತಿಹಾಸ, ಅರ್ಥನೀತಿ, ತಂತ್ರಜ್ಞಾನಗಳನ್ನು ಬೆಂಗಳೂರಿನ ಆಡುಮಾತಿನಲ್ಲಿ ಚರ್ಚಿಸಬಹುದೆಂದು ಅದು ತೋರಿಸಿತು. ಟಿ.ಜಿ. ಶ್ರೀನಿಧಿ ಅವರ ‘ಇಜ್ಞಾನ’ ತಂತ್ರಜ್ಞಾನದ ತಿಳಿವಳಿಕೆಯನ್ನು ಬರಹದಲ್ಲಿ ಕಟ್ಟಿತು. ಮೊಬೈಲ್, ಗ್ಯಾಜೆಟ್‌ಗಳ ಪರಿಚಯ ಮಾಡುವ ಕನ್ನಡ ವಿಡಿಯೊಗಳು ಹೇರಳವಾಗಿವೆ. ಆದರೆ ತಂತ್ರಜ್ಞಾನ ಉದ್ಯಮವನ್ನು ಅದರ ಲೆಕ್ಕ, ದುಡಿಮೆ, ನೀತಿಗಳ ಸಮೇತ ಪ್ರಶ್ನಿಸುವ ಕನ್ನಡ ಸರಣಿಗಳು ಕಡಿಮೆ. ದೇಶದ ಸಾಫ್ಟ್‌ವೇರ್ ರಾಜಧಾನಿಯ ಭಾಷೆಯಲ್ಲಿ ಈ ಕೊರತೆ ಇರುವುದು ಕಳವಳದ ಸಂಗತಿ.

ಹೈದರಾಬಾದಿನ ಕನ್ನಡಿಗರು ಈ ವಿಷಯದಲ್ಲಿ ವಿಶೇಷ ಸ್ಥಾನದಲ್ಲಿದ್ದಾರೆ. 1956ರ ರಾಜ್ಯ ಪುನರ್ವಿಂಗಡಣೆಯ ನಂತರವೂ ಕಾಚಿಗೂಡದ ಕರ್ನಾಟಕ ಸಾಹಿತ್ಯ ಮಂದಿರ, ನೃಪತುಂಗ ಶಾಲೆಗಳು ಅಲ್ಲಿ ಕನ್ನಡವನ್ನು ಉಳಿಸಿಕೊಂಡವು. ಕಲ್ಯಾಣ ಕರ್ನಾಟಕದ ಎಂಜಿನಿಯರಿಂಗ್ ಪದವೀಧರರಿಗೆ ಹೈದರಾಬಾದ್ ಹತ್ತಿರದ ದೊಡ್ಡ ಊರು. ಬೀದರಿನಿಂದ ಬೆಂಗಳೂರಿಗಿಂತ ಅದೇ ಸಮೀಪ. ಕನ್ನಡ, ತೆಲುಗು, ದಖ್ಖನಿ ಉರ್ದು ಮೂರನ್ನೂ ಬಲ್ಲ ಇವರು, ತಾವು ದುಡಿಯುವ ಉದ್ಯಮವನ್ನು ತಮ್ಮ ಊರಿನವರಿಗೆ ವಿವರಿಸಲು ಎಲ್ಲರಿಗಿಂತ ಯೋಗ್ಯರು. ಆ್ಯಪ್ ಮೂಲಕ ದುಡಿಯುವವರ ಹಕ್ಕಿನ ಕಾಯ್ದೆಯನ್ನು ಕರ್ನಾಟಕ 2025ರಲ್ಲಿ ಜಾರಿಗೆ ತಂದಿತು. ತೆಲಂಗಾಣವೂ ಅದೇ ವರ್ಷ ಕರಡು ಮಸೂದೆ ಪ್ರಕಟಿಸಿತು. ಎರಡು ರಾಜ್ಯಗಳ ಅನುಭವವನ್ನು ಹೋಲಿಸಿ ಕನ್ನಡದಲ್ಲಿ ವಿವರಿಸುವ ಒಂದು ಸರಣಿ ಬಂದರೆ ಕಲಬುರಗಿಯ ವಿದ್ಯಾರ್ಥಿಗೂ ಬೆಂಗಳೂರಿನ ಡೆಲಿವರಿ ಕೆಲಸಗಾರನಿಗೂ ಸಮಾನವಾಗಿ ಉಪಯೋಗವಾಗುತ್ತದೆ.

ಮೌಲ್ಯಮಾಪನ

ಡೆಕ್ಕನ್ ರೇಡಿಯೊದಿಂದ ಸಂಘಂ ರೇಡಿಯೊವರೆಗೆ, ಬ್ಲಾಗಿನಿಂದ ಪಾಡ್‌ಕಾಸ್ಟಿನವರೆಗೆ ಹೈದರಾಬಾದಿನ ಚರಿತ್ರೆಯಲ್ಲಿ ಉಪಕರಣ ಮತ್ತೆಮತ್ತೆ ಬದಲಾಗಿದೆ. ಬದಲಾಗದೆ ಉಳಿದಿರುವುದು ಮಾತಾಡುವ ಹಕ್ಕು ಯಾರದು, ಕೇಳುವ ಪ್ರಶ್ನೆ ಯಾರ ಪರ ಎಂಬ ವಿಚಾರ. ಹಂಗಿಲ್ಲದೆ ಪ್ರಶ್ನೆ ಕೇಳಿದ ಕಡೆ ಈ ಮಾಧ್ಯಮ ಸಮಾಜಕ್ಕೆ ನೆರವಾಗಿದೆ. ಹೊಗಳಿಕೆಯಲ್ಲೇ ತೃಪ್ತಿಪಟ್ಟ ಕಡೆ ಕೇಳುಗರಿಗೂ ಉದ್ಯಮಕ್ಕೂ ನಷ್ಟವಾಗಿದೆ. ಸತ್ಯಂ ನೌಕರರು ಮತ್ತು ಸಣ್ಣ ಷೇರುದಾರರು ಆ ನಷ್ಟವನ್ನು ಅನುಭವಿಸಿದರು. ಹಣದ ಮೂಲವನ್ನು ತಿಳಿಸುವುದು, ಪ್ರತಿ ಕಂತಿನ ಲಿಖಿತ ರೂಪ ಕೊಡುವುದು, ಸ್ಥಾಪಕರ ಜೊತೆ ದುಡಿಯುವವರನ್ನೂ ಬಳಕೆದಾರರನ್ನೂ ಮಾತಾಡಿಸುವುದು ಈ ಮೂರನ್ನು ಪಾಲಿಸುವ ಸರಣಿ ಚಿಕ್ಕದಾದರೂ ದಾಖಲೆಯಾಗಿ ಉಳಿಯುತ್ತದೆ. ಕನ್ನಡದಲ್ಲಿ ತಂತ್ರಜ್ಞಾನ ಉದ್ಯಮವನ್ನು ಕುರಿತು ಪಾಡ್‌ಕಾಸ್ಟ್ ಆರಂಭಿಸುವವರು ಮೊದಲ ಕಂತಿನಿಂದಲೇ ಈ ಮೂರು ಕಟ್ಟುಪಾಡುಗಳನ್ನು ಒಪ್ಪಿಕೊಳ್ಳಬೇಕು, ಕೇಳುಗರೂ ಅವುಗಳನ್ನು ಹಕ್ಕಿನಿಂದ ಕೇಳಿ ಪಡೆಯಬೇಕು.